ಹನ್ನೆರಡು ನಿಮಿಷ ಏನೂ ಆಗುವುದಿಲ್ಲ

ಮನೆ, ಹೊಲಿಗೆ ಕೋಣೆಯಿಂದ
ಮಂಗಳವಾರ, ಮಾರ್ಚ್ ೩

ಪ್ರೀತಿಯ ಸೂಜೀ,

ಹೇಗಿದ್ದೀಯ? ನೆಗಡಿ ಪೂರ್ತಿ ಹೋಯಿತೇ? ಕ್ಯಾಮೆರಾ ಹೊತ್ತು ಹೊತ್ತು ಬಲಭುಜ ಹಿಡಿದುಕೊಂಡಿದೆ ಎಂದಿದ್ದೆಯಲ್ಲ, ಬಿಸಿನೀರಿನ ಶಾಖ ಕೊಟ್ಟುಕೊಂಡೆಯಾ, ಇಲ್ಲ ನಾಳೆ ನಾಳೆ ಎಂದು ತಳ್ಳುತ್ತಿದ್ದೀಯಾ? ನಾವಿಬ್ಬರೂ ಚೆನ್ನಾಗಿದ್ದೇವೆ. ವಾರಕ್ಕೆರಡು ಸಲ ಫೋನಿನಲ್ಲಿ ಸಿಗುವ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಾನು ನಿನ್ನ ಜೊತೆ ಮಾತಿಗೆ ಕೂತರೆ ಸಾಕು, ಗೋಡೆಯಾಚೆ ಕೆಲಸದ ಕೋಣೆಯಲ್ಲಿ ಗರಗಸದ ಸದ್ದು ನಿಲ್ಲುತ್ತದೆ. ನಿಮ್ಮಪ್ಪ ನಿನ್ನ ಹತ್ತಿರ ಮಾತು ಬಿಟ್ಟು ಹನ್ನೊಂದು ತಿಂಗಳಾಯಿತು, ಕಿವಿ ಮಾತ್ರ ಬಿಟ್ಟಿಲ್ಲ. ಈಗ ಹೇಳುವುದು ಆ ಕಿವಿಗೆ ಬೀಳಬಾರದು, ಅದಕ್ಕೇ ಈ ಕಾಗದ.

ಡಿಸೆಂಬರಿನಲ್ಲಿ ಚಿತ್ರಸಂಘದವರು ತಮ್ಮ ಸಭಾಂಗಣದ ಕುರ್ಚಿಗಳನ್ನೆಲ್ಲ ನಮಗೆ ರಿಪೇರಿಗೆ ಒಪ್ಪಿಸಿದರು. ಮರದ ಕೆಲಸ ಇವರದು, ಕುಶನ್ ನನ್ನದು. ಸಂಘದ ಕಾರ್ಯದರ್ಶಿ ಒಬ್ಬರು ನಿವೃತ್ತ ಮೇಷ್ಟ್ರು, ತುಂಬಾ ಸಾಧು ಮನುಷ್ಯ. ಅವರದು ಒಂದೇ ಷರತ್ತು, ಯಾವ ಕುರ್ಚಿಯೂ ಕಿರುಗುಟ್ಟಬಾರದು. ಯಾಕೆಂದರೆ ಹೊಸ ವರ್ಷದಿಂದ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಒಬ್ಬ ಜಪಾನಿ ನಿರ್ದೇಶಕರ ಚಿತ್ರಗಳನ್ನು ತೋರಿಸುವವರಿದ್ದರು, ಆ ಚಿತ್ರಗಳಲ್ಲಿ ಸದ್ದೇ ಕಡಿಮೆ, ಒಬ್ಬರು ಕದಲಿದರೆ ಇಡೀ ಸಭಾಂಗಣಕ್ಕೆ ಕೇಳಿಸುತ್ತದಂತೆ. ಬಾಗಿಲಲ್ಲಿ ಅಂಟಿಸಿದ್ದ ಆ ನಿರ್ದೇಶಕರ ಫೋಟೋ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ನಿನ್ನ ಕೋಣೆಯ ಗೋಡೆಯ ಮೇಲೆ ಟೋಪಿ ಹಾಕಿಕೊಂಡ ಒಬ್ಬರಿದ್ದಾರಲ್ಲ, ಇಷ್ಟು ವರ್ಷ ನಾನು ಯಾರೋ ಸಂಗೀತ ಹೇಳಿಕೊಡುವವರು ಅಂದುಕೊಂಡು ಧೂಳು ಒರೆಸುತ್ತಿದ್ದೆ. ಅದೇ ಮನುಷ್ಯ.

ಖಾಲಿ ಕುರ್ಚಿ ಕಿರುಗುಟ್ಟುವುದಿಲ್ಲ, ಜನ ಕೂತಾಗಲೇ ಅದರ ಬಣ್ಣ ಬಯಲಾಗುವುದು. ಹಾಗಾಗಿ ಇವರು ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತರು, ಯಾವ ಕುರ್ಚಿ ಸದ್ದು ಮಾಡುತ್ತದೋ ಅದಕ್ಕೆ ಆಮೇಲೆ ಗುರುತು ಹಾಕಬೇಕೆಂದು. ಜೊತೆಗೆ ನಾನೂ ಕೂತೆ. ಮೊದಲ ಶನಿವಾರ ಹನ್ನೊಂದು ಗುರುತು ಬಿದ್ದವು. ಸುಳ್ಳು ಯಾಕೆ ಹೇಳಲಿ, ನಾನು ನಿದ್ದೆ ಹೊಡೆದೆ. ಎಚ್ಚರವಾದಾಗ ಅದೇ ಕೋಣೆ, ಅದೇ ಅಪ್ಪ, ಅದೇ ಮಗಳು, ಯಾರೋ ಬಂದರು, ಚಹಾ ಕುಡಿದರು, ಹೋದರು. ನಾನೇನೂ ಕಳೆದುಕೊಂಡಿಲ್ಲ ಎಂದು ಪಕ್ಕಕ್ಕೆ ತಿರುಗಿದರೆ ಇವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಚಿತ್ರದ ಬಾಗಿಲಿನದೇ ಮಾತು. "ಆ ಜಾರುಬಾಗಿಲು ನೋಡಿದ್ಯಾ? ಕೂದಲೆಳೆಯಷ್ಟೂ ಸಂದಿಲ್ಲ. ಆ ಯಜಮಾನ ಪಕ್ಕಾ ಬಡಗಿ ಕಣೇ." ಎರಡನೇ ವಾರ ನಾಲ್ಕು ಗುರುತು. ಮೂರನೇ ವಾರ ಒಂದೂ ಇಲ್ಲ. ಕುರ್ಚಿಗಳೆಲ್ಲ ಸುಧಾರಿಸಿದ್ದವು ಅಂತಲ್ಲ, ನನ್ನ ಮುಂದಿನದೇ ಸುಮಾರು ಐದು ಸಲ ಕಿರುಗುಟ್ಟಿತ್ತು. ಇವರಿಗೆ ಕೇಳಿಸಿರಲಿಲ್ಲ. ಸೀಮೆಸುಣ್ಣ ಜೇಬಿನಲ್ಲೇ ಪುಡಿಯಾಗಿ, ಆ ಅಂಗಿ ತೊಳೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಆಮೇಲಾಮೇಲೆ ನನಗೂ ಹಿಡಿಸಿತು. ಒಂದು ಚಿತ್ರದಲ್ಲಿ ಎಲ್ಲರೂ ಎದ್ದು ಹೊರಟುಹೋಗುತ್ತಾರೆ, ಕೋಣೆ ಹಾಗೇ ಉಳಿಯುತ್ತದೆ, ಒಂದು ಲೋಟವೂ ಇರುತ್ತದೆ. ಬೇರೆಯವರಾಗಿದ್ದರೆ ತಕ್ಷಣ ಬೇರೆ ಕಡೆ ಕರೆದುಕೊಂಡು ಹೋಗುತ್ತಿದ್ದರು, ಈ ಮನುಷ್ಯ ಅಲ್ಲೇ ಕೂರಿಸುತ್ತಾರೆ. ನೀನು ಹೊರಟ ದಿನ ನಿನ್ನ ತಟ್ಟೆ ಎತ್ತದೆ ಮಧ್ಯಾಹ್ನದವರೆಗೂ ಬಿಟ್ಟಿದ್ದೆ, ಅದು ನೆನಪಾಯಿತು. ಆ ಜಪಾನಿ ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾದರೂ ಯಾವ್ಯಾವುದೋ ದೇಶದ ನಿರ್ದೇಶಕರು ಇಂದಿಗೂ ಅವರ ಚಿತ್ರಗಳನ್ನು ನೋಡಿ ಪಾಠ ಕಲಿಯುತ್ತಾರೆ ಎಂದು ಮೇಷ್ಟ್ರು ಹೇಳಿದರು. ನಿರ್ದೇಶಕರ ವಿಷಯ ನನಗೆ ಗೊತ್ತಿಲ್ಲ, ನಮ್ಮ ಮನೆಯ ಬಡಗಿಯ ಮೇಲೆ ಆದ ಪರಿಣಾಮ ಕೇಳು.

ಐದನೇ ವಾರ ಮೇಷ್ಟ್ರು, ಈ ಚಿತ್ರಗಳಲ್ಲಿ ಕ್ಯಾಮೆರಾ ನೆಲದ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೂ ಕೆಳಗಿರುತ್ತದೆ, ಅದಕ್ಕೇ ಮನೆ ಹಾಗೆ ಕಾಣುತ್ತದೆ ಎಂದು ವಿವರಿಸಿದರು. ಮರುದಿನ ನಾನು ದಾರದ ಉಂಡೆ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ನಿಮ್ಮಪ್ಪ ನಮ್ಮ ಊಟದ ಮೇಜಿನ ನಾಲ್ಕೂ ಕಾಲು ಕತ್ತರಿಸಿದ್ದರು. ನಾನೇ ಆಸೆಪಟ್ಟು ಮಾಡಿಸಿಕೊಂಡಿದ್ದ ಮೇಜು. "ಕೆಳಗೆ ಕೂತು ನೋಡು, ಮನೆ ಎಷ್ಟು ದೊಡ್ಡದಾಯ್ತು" ಎಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಮೇಜಿನ ಕಾಲಿನ ಬಗ್ಗೆ ವಾದ ಮಾಡುವುದುಂಟೇ? ನಾನೂ ಕೂತೆ. ನಿಜಕ್ಕೂ ಮನೆ ದೊಡ್ಡದಾಗಿ ಕಂಡಿತು. ಊಟವೂ ಆಯಿತು. ಏಳಲು ಹೋದರೆ ಇವರ ಮೊಣಕಾಲು ಹಿಡಿದುಕೊಂಡಿತು. ನಾನು ಎಳೆದೆ, ಆಗಲಿಲ್ಲ, ಕೊನೆಗೆ ಎದುರುಮನೆಯ ನರ್ಸಮ್ಮನನ್ನು ಕರೆದು ಇಬ್ಬರೂ ಸೇರಿ ಎತ್ತಿದೆವು. ಈಗ ಆ ಮೇಜು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿದೆ. ಬಂದವರು ಕೇಳಿದರೆ ಹೊಸ ವಿನ್ಯಾಸ ಎನ್ನುತ್ತಾರೆ.

ನಗಬೇಡ, ಈಗ ಹೇಳುವುದನ್ನು ಸಮಾಧಾನವಾಗಿ ಓದು. ಕಳೆದ ಏಪ್ರಿಲ್‌ನಲ್ಲಿ ನೀನು ನಿನ್ನ ಚಿತ್ರವನ್ನು ಟಿವಿಯಲ್ಲಿ ಹಾಕಿ ತೋರಿಸಿದಾಗ ಇವರು ಏನೆಂದರು ಎಂಬುದು ನಮ್ಮ ಮೂವರಿಗೂ ಬಾಯಿಪಾಠ. "ಹನ್ನೆರಡು ನಿಮಿಷ ಆಯ್ತು, ಏನೂ ಆಗ್ಲಿಲ್ಲ. ಖಾಲಿ ಕುರ್ಚಿ ತೋರಿಸೋಕೆ ಮೂರು ವರ್ಷ ಓದ್ಬೇಕಾ?" ನೀನೇನು ಕಡಿಮೆಯಾ, ಹೆಸರಿಗೆ ತಕ್ಕ ಹಾಗೆ ಚುಚ್ಚಿದೆ. "ನಿಂಗೆ ಕುರ್ಚಿ ಮಾಡೋಕೆ ಬರುತ್ತಪ್ಪ, ನೋಡೋಕೆ ಬರಲ್ಲ." ಅಷ್ಟೇ. ಅಪ್ಪ ಮಗಳಿಬ್ಬರೂ ಒಂದೇ ಮರದಿಂದ ಸೀಳಿದ ಹಲಗೆಗಳು, ನಡುವೆ ನಾನು ಅಂಟು ಹಚ್ಚಿ ಹಚ್ಚಿ ಸೋತೆ.

ಹೋದ ತಿಂಗಳು ಒಂದು ಭಾನುವಾರ ಊಟವಾದ ಮೇಲೆ ನಾನು ಸ್ವಲ್ಪ ಅಡ್ಡಾಗಿದ್ದೆ. ಎದ್ದು ಬಂದರೆ ಇವರು ನಿನ್ನ ಚಿತ್ರ ಹಾಕಿಕೊಂಡು ಕೂತಿದ್ದಾರೆ. ಮುಗಿಯಿತು, ಮತ್ತೆ ಹಾಕಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಕೆಲಸದ ಕೋಣೆಯ ಮೂಲೆಯಲ್ಲಿ ನಿನ್ನ ಅಜ್ಜಿಯ ಕುರ್ಚಿ, ಅದರ ಮೇಲೆ ಬಿಸಿಲು ಬಂದು ನಿಧಾನವಾಗಿ ಜರುಗುವ ಭಾಗ ಬಂತು. "ಅಮ್ಮ ಈಗಷ್ಟೇ ಎದ್ದು ಹೋದ ಹಾಗಿದೆ" ಎಂದರು, ನಾನಿರುವುದು ಗೊತ್ತಿದ್ದೂ ನನಗಲ್ಲದ ಹಾಗೆ. ಆಮೇಲೆ, "ಇದು ತೆಗೆಯೋಕೆ ಅವಳು ಹೊಟ್ಟೆ ಮೇಲೆ ಮಲಗಿರ್ಬೇಕು, ಆ ಮರದ ಹೊಟ್ಟಿನಲ್ಲಿ. ನಾನು ಒಂದು ಚಾಪೆ ಹಾಕ್ಕೊಡ್ಬಹುದಿತ್ತು." ಅಷ್ಟು ಹೇಳಿ ಅತ್ತರು. ಕಣ್ಣಿಗೆ ಹೊಟ್ಟು ಬಿತ್ತು ಅಂದರು. ಭಾನುವಾರ ಎಲ್ಲಿಯ ಹೊಟ್ಟು? ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವರನ್ನು ಹಾಗೆ ನೋಡಿದ್ದು ಎರಡನೇ ಸಲ, ಮೊದಲನೆಯದು ಅಜ್ಜಿ ಹೋದಾಗ. ನನಗೆ ಅವತ್ತು ದುಃಖವಾಗಲಿಲ್ಲ, ನಿಜ ಹೇಳಬೇಕೆಂದರೆ ತುಂಬಾ ಸಂತೋಷವಾಯಿತು.

ಕುರ್ಚಿಗಳ ಕೆಲಸ ಮುಗಿದು ಮೂರು ವಾರವಾಯಿತು. ಆದರೂ ಶನಿವಾರ ಮೂರೂವರೆಗೆ ಇವರು ತಲೆ ಬಾಚಿಕೊಂಡು ತಯಾರು. ನಾನು ಹಣ್ಣು ಹೆಚ್ಚಿ ಡಬ್ಬಿಗೆ ಹಾಕಿಕೊಳ್ಳುತ್ತೇನೆ, ಇಬ್ಬರೂ ನಡೆದೇ ಹೋಗುತ್ತೇವೆ. ಮದುವೆಯಾದ ಹೊಸತರಲ್ಲಿ ಇಷ್ಟು ಸುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನಗೆ ಕೆಲಸ ಕೊಟ್ಟಿರುವ ಆ ಕ್ಯಾಮೆರಾ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಕೈಗೆ ಬಲ, ಕಣ್ಣಿಗೆ ಬೆಳಕು ಸದಾ ಇರಲಿ, ಮಗಳೇ.

ನಿನ್ನ
ಅಮ್ಮ

ತಾ.ಕ.: ಇವರು ಮೊಳೆ ತರಲು ಹೋಗಿದ್ದಾರೆ, ಬರುವುದರೊಳಗೆ ಬರೆದುಬಿಡುತ್ತೇನೆ. ನಿನ್ನ ಚಿತ್ರವನ್ನು ಇವರು ಮೇಷ್ಟ್ರಿಗೆ ಕೊಟ್ಟಿದ್ದಾರೆ. ಮಾರ್ಚ್ ೨೧, ಶನಿವಾರ, ಆ ಜಪಾನಿ ಯಜಮಾನರ ಕೊನೆಯ ಚಿತ್ರಕ್ಕೆ ಮುಂಚೆ ತೋರಿಸುತ್ತಾರಂತೆ. ನಿನ್ನನ್ನು ಕೇಳದೆ ಕೊಟ್ಟಿದ್ದು ತಪ್ಪು, ಬೇಡ ಎನ್ನುವ ಹಕ್ಕು ನಿನಗಿದೆ. ಅವಳನ್ನು ಕೇಳಿ ಎಂದರೆ "ಯಾವ ಮುಖ ಇಟ್ಕೊಂಡು ಕೇಳ್ಲಿ" ಎನ್ನುತ್ತಾರೆ. ಬೇಕೋ ಬೇಡವೋ, ಬರುತ್ತೀಯೋ ಇಲ್ಲವೋ, ಉತ್ತರ ನನಗೆ ಹೇಳಬೇಡ, ಅವರಿಗೇ ಹೇಳು. ನಿನಗೆ ಗೊತ್ತಿಲ್ಲ, ಈ ಹನ್ನೊಂದು ತಿಂಗಳೂ ನೀನು ಫೋನ್ ಮಾಡಿದಾಗಲೆಲ್ಲ ಮೊದಲು ಓಡಿಬಂದು ಕೈಗೆತ್ತಿಕೊಳ್ಳುವುದು ಅವರೇ. ಒಂದು ಗಳಿಗೆ ನಿನ್ನ ಹೆಸರು ನೋಡುತ್ತಾರೆ, ಆಮೇಲೆ ನನ್ನ ಕೈಗೆ ಕೊಡುತ್ತಾರೆ. ಮುಂದಿನ ಸಲ ನಾನು ತೆಗೆದುಕೊಳ್ಳುವುದಿಲ್ಲ. ಎಷ್ಟು ಹೊತ್ತು ಬಡಿದುಕೊಂಡರೂ ನೀನು ಇಡಬೇಡ.