ಮೊದಲು ನನ್ನ ಕೊರಳಿನ ಗಂಟನ್ನು ಕೊಯ್ದು ನೋಡಿ

ಹಾಗಾಗಿ, ಮಾನ್ಯ ಆರೋಗ್ಯ ನಿರ್ದೇಶಕರೇ, ನಿನ್ನೆ ನಿಮ್ಮ ಇಕ್ವಿಟೋಸ್ ಕಚೇರಿಯ ಕಿಟಕಿ ಮುಚ್ಚಿದಾಗ ಅರ್ಧಕ್ಕೆ ನಿಂತ ಮಾತನ್ನೇ ಇಲ್ಲಿ ಮುಂದುವರಿಸುತ್ತೇನೆ: ನನ್ನ ಕೊರಳಲ್ಲಿ ಎದ್ದಿರುವ ಗಂಟು ಕ್ಷಯದ್ದೆಂದು ಕೊಯ್ದು ನೋಡದೆಯೇ ನಿಮ್ಮ ವೈದ್ಯರಿಗೆ ಹೇಗೆ ತಿಳಿಯಿತು? ನಾನೂ ನನ್ನ ಹೆಂಡತಿ ಎದುವೀನಾಳೂ ಎಚ್‌ಐವಿ ಇದ್ದವರು. ಅವಳ ಗಂಟನ್ನೂ ನಿಮ್ಮವರು ಇದೇ ದಿವ್ಯದೃಷ್ಟಿಯಿಂದ ಕಂಡಿದ್ದರು. ಜ್ವರ ಬರುತ್ತಿತ್ತು, ತಾನೇ ಇಳಿಯುತ್ತಿತ್ತು, ಮತ್ತೆ ಬರುವಾಗ ಕಂಕುಳಲ್ಲೊಂದು ಹೊಸ ಗಂಟನ್ನು ಜೊತೆಗೆ ತರುತ್ತಿತ್ತು. ಕ್ಷಯದ ಮಾತ್ರೆ ನುಂಗುತ್ತಲೇ ಅವಳು ಹೋದಳು.

ನಿಮ್ಮ ಎಚ್‌ಐವಿ ಚಿಕಿತ್ಸಾಲಯದಲ್ಲಿ ನಮಗೆ ಹೆಸರಿಲ್ಲ, ಸಂಖ್ಯೆ ಇದೆ. ಅಲ್ಲಿ ಕಂಡವರನ್ನು ಎಲ್ಲಿಯೂ ಕಂಡಂತೆ ತೋರಿಸಿಕೊಳ್ಳಬಾರದೆಂದು ನರ್ಸಮ್ಮ ಮೊದಲ ದಿನವೇ ಕಲಿಸುತ್ತಾರೆ. ನಮ್ಮ ಮಾನ ಕಾಯಲೆಂದೇ, ಒಪ್ಪಿದೆ. ನಾವೆಷ್ಟು ವಿಧೇಯರೆಂದರೆ, ಗಂಡಹೆಂಡಿರೂ ಬೇರೆ ಬೇರೆ ಬೆಂಚಿನಲ್ಲಿ ಕೂತೆವು. ಬೆಲೆನ್ ಸಂತೆಯಲ್ಲಿ ಮೀನು ಮಾರುವ ಎರ್ಮೆಲಿಂದಾ ಎದುರು ಬೆಂಚಿನಲ್ಲಿರುತ್ತಿದ್ದಳು. ಅವಳ ಹತ್ತಿರ ಮೀನು ಕೊಳ್ಳುವಾಗಲೂ ನಾವು ಮೀನಿನ ಕಣ್ಣನ್ನಷ್ಟೇ ನೋಡುತ್ತಿದ್ದೆವು.

ಎದುವೀನಾ ಹೋದ ಮೇಲೆ ಮೊದಲ ಸಲ ಮೀನಿಗೆ ಹೋದೆ. “ಒಬ್ರಿಗೆ ಇಷ್ಟು ಮೀನಾ ಯಜಮಾನ್ರೇ? ಬೆಕ್ಕು ಸಾಕಿದೀರಾ?” ಎಂದಳು ಎರ್ಮೆಲಿಂದಾ. ಅಭ್ಯಾಸ ಎಂದೆ. ಅವಳ ಕಣ್ಣು ನನ್ನ ಕೊರಳ ಮೇಲೆ ನಿಂತಿತು.

“ನಂಗೂ ಇದೇ ಥರ ಇತ್ತು. ತಂಗಿ ಮನೆಗೆ ಅಂತ ಲಿಮಾಕ್ಕೆ ಹೋದಾಗ ಅಲ್ಲಿ ದೊಡ್ಡಾಸ್ಪತ್ರೇಲಿ ಕೊಯ್ದು ನೋಡಿದ್ರು, ಕ್ಷಯ ಅಲ್ಲ ಅಂದ್ರು. ಬೇರೆ ಔಷಧಿ ಕೊಟ್ರು, ಬದುಕಿದೀನಿ. ನಿಮ್ಮನೆ ಅಕ್ಕನ ಕೊರಳನ್ನೂ ನೋಡ್ತಾನೇ ಇದ್ದೆ. ಹೆಂಗ್ ಹೇಳ್ಲಿ? ನಾವು ಒಬ್ರನ್ನೊಬ್ರು ನೋಡೇ ಇಲ್ವಲ್ಲ.”

ಅವಳಿಗಿದ್ದದ್ದು ಕ್ಯಾಸಲ್‌ಮನ್ ಕಾಯಿಲೆಯಂತೆ, ಕ್ಷಯದ ಹಾಗೆಯೇ ಗಂಟು, ಜ್ವರ ತರುವಂಥದ್ದು. ಕ್ಯಾಸಲ್ ಎಂದರೆ ಕೋಟೆಯೋ ಕೊಟ್ಟಿಗೆಯೋ, ಕಾಲೇಜಿನ ಇಂಗ್ಲಿಷು ಮರೆತಿದೆ. ಬಲು ಅಪರೂಪದ್ದು ಎನ್ನುತ್ತಾರೆ ನಿಮ್ಮವರು. ನೋಡದವರಿಗೆ ಯಾವುದು ತಾನೇ ಅಪರೂಪವಲ್ಲ? ಎದುವೀನಾಳಿಗೂ ಅದೇ ಇತ್ತೆಂದು ನಾನು ಹೇಳಲಾರೆ. ಈಗ ಯಾರೂ ಹೇಳಲಾರರು. ನನ್ನ ದೂರೇ ಅದು.

ಆದ್ದರಿಂದ ನನ್ನ ಗಂಟನ್ನು ಕೊಯ್ದು ತುಣುಕನ್ನು ಲಿಮಾಕ್ಕೆ ಕಳಿಸಿ. ಅದೇನೆಂದು ತಿಳಿದ ಮೇಲೆ ಯಾವ ಮಾತ್ರೆ ಕೊಟ್ಟರೂ ನುಂಗುತ್ತೇನೆ. ಇನ್ನೊಂದು: ಬೇಕೆನಿಸಿದವರು ಕೂತು ಮಾತಾಡಲು ನಿಮ್ಮ ಚಿಕಿತ್ಸಾಲಯದಲ್ಲಿ ಒಂದು ಬೆಂಚು ಹಾಕಿಸಿ. ಎರ್ಮೆಲಿಂದಾಳ ಹೆಸರು ಬರೆಯಲೇ ಎಂದು ಕೇಳಿದ್ದೆ. “ಬರೀರಿ, ಗೊತ್ತಾದ್ರೂ ಮೀನು ತಿನ್ನೋರು ಬಂದೇ ಬರ್ತಾರೆ” ಎಂದಳು. ನನ್ನದನ್ನೂ ಕೆಳಗೆ ಪೂರ್ತಿ ಹಾಕಿದ್ದೇನೆ, ಬೀದಿಯಲ್ಲಿ ಯಾರಾದರೂ ಕೂಗಿ ಕರೆಯಲಿ ಎಂದು. ಇನ್ನೂ ಹೇಳುವುದಿತ್ತು, ಆದರೆ ನದಿಯ ಕಡೆ ಬೆಳಕು ಇಳಿಯಿತು, ಬರೆದದ್ದು ಕಾಣುತ್ತಿಲ್ಲ.

ಇಂತಿ,
ಈಗಲೂ ಇಬ್ಬರಿಗಾಗುವಷ್ಟು ಮೀನು ಕೊಳ್ಳುವ
ವೆನ್ಸೆಸ್ಲಾವೊ ತುವಾನಾಮ