ಹೊಡೆದು ಹಾಕಿದ ಮೂರನೆಯ ಸಾಲು

ಕಪ್ಪತಗುಡ್ಡದ ನೋಟದ ಮನೆ
ಸನ್ ೨೧೮೭, ಹದಿಮೂರನೆಯ ತಿಂಗಳು, ತಾರೀಖು ನಾಲ್ಕು

ಶಿರಹಟ್ಟಿಯ ಡ್ರಾಯಿಂಗ್ ಮಾಸ್ತರರಾದ ಗುರುಪಾದಪ್ಪ ಮ್ಯಾಗೇರಿ ಅವರಿಗೆ ಶರಣವ್ವ ಕಟಗಿಯ ಶರಣು.

ತಾರೀಖು ನೋಡಿ ನಗಬೇಡಿ. ನಿಮ್ಮ ನಂತರದವರು ವರ್ಷಕ್ಕೆ ಹದಿಮೂರು ತಿಂಗಳು ಮಾಡಿಕೊಂಡರು. ಅದರಿಂದ ಯಾರ ಕೆಲಸವೂ ಕಡಿಮೆಯಾಗಲಿಲ್ಲ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಅದು ಮುಟ್ಟಿತೋ ಇಲ್ಲವೋ ಎಂದು ಹಾಕಿದವರಿಗೆ ಎಂದೂ ಗೊತ್ತಾಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ಬೇರೆ ದಾರಿ ಉಳಿದಿಲ್ಲ.

ನಾನೂ ನಿಮ್ಮಂತೆ ಹವ್ಯಾಸಿ. ಭೂಮಿಯ ದಾರಿಗೆ ಬರುವ ಕ್ಷುದ್ರಗ್ರಹಗಳನ್ನು ನಾವು ಅಡ್ಡಗಲ್ಲು ಎನ್ನುತ್ತೇವೆ. ಅವು ಹತ್ತಿರ ಬಂದಾಗ ಸಣ್ಣ ದೂರದರ್ಶಕದಲ್ಲಿ ಹಿಡಿದು, ಯಾವ ಕ್ಷಣಕ್ಕೆ ಎಲ್ಲಿದ್ದವು ಎಂದು ಬರೆದಿಡುವುದು ನನ್ನ ನಲವತ್ತು ವರ್ಷಗಳ ಹುಚ್ಚು. ಹೊಟ್ಟೆಪಾಡಿಗೆ ಮಂಜುಬಲೆ ಹೆಣೆಯುತ್ತೇನೆ. ಗುಡ್ಡದ ಮೇಲಿನ ಮಂಜನ್ನು ಹಿಡಿದು ಕುಡಿಯುವ ನೀರಿಳಿಸುವ ಬಲೆ ಅದು. ಬೆರಳು ಸೆಟೆದುಕೊಂಡಿವೆ, ಫೋಕಸ್ ತಿರುಗಿಸಲು ಎರಡೂ ಕೈ ಬೇಕು. ದೊಡ್ಡ ಯಂತ್ರಗಳು ಇಲ್ಲವೆಂದಲ್ಲ. ಆದರೆ ಆಕಾಶದಲ್ಲಿ ಉಪಗ್ರಹಗಳು ಕಿಕ್ಕಿರಿದಿವೆ. ವೇಗವಾಗಿ ಓಡುವ ಚುಕ್ಕೆ ಕಂಡರೆ ಯಂತ್ರ ಅದನ್ನೂ ಉಪಗ್ರಹವೆಂದು ಬಿಟ್ಟುಬಿಡುತ್ತದೆ. ತೀರಾ ಹತ್ತಿರ ಬಂದ ಕಲ್ಲೂ ಹಾಗೆಯೇ ಓಡುತ್ತದೆ. ಹಾಗಾಗಿ ಕಾಯುವ ಕೆಲಸ ನಮ್ಮಂಥ ಮುದುಕಿಯರ ಪಾಲಿಗೆ ಬಂತು. ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕುಳಿತು, ಲೆಕ್ಕದ ಪ್ರಕಾರ ಕಲ್ಲು ಎಲ್ಲಿರಬೇಕು ಎಂಬುದನ್ನು ನೋಡದೆಯೇ ಅಳೆಯುತ್ತೇವೆ. ಇದಕ್ಕೆ ಕುರುಡಳತೆ ಎಂದು ಹೆಸರು. ಲೆಕ್ಕ ಮೊದಲೇ ನೋಡಿಕೊಂಡವರು ತಮ್ಮ ಕಣ್ಣನ್ನು ನಂಬುವುದಿಲ್ಲ. ನಿಮ್ಮಂಥವರು ಲೆಕ್ಕಕ್ಕೆ ಕೂರದ ಅಳತೆಗಳನ್ನು ಹೊಡೆದು ಹಾಕಿದ ವಹಿಗಳನ್ನು ಓದಿ ಓದಿ ಬೇಸತ್ತ ಮೇಲೆ ಈ ನೇಮ ಮಾಡಿಕೊಂಡೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇನ್ನು ಹನ್ನೊಂದು ದಿನಕ್ಕೆ ಒಂದು ಅಡ್ಡಗಲ್ಲು ಬರುತ್ತದೆ. ಸೂರ್ಯನ ದಿಕ್ಕಿನಿಂದ ಬರುತ್ತಿರುವುದರಿಂದ ಕೊನೆಯವರೆಗೂ ಯಾರಿಗೂ ಕಾಣುವುದಿಲ್ಲ. ಹಳೆಯ ಅಳತೆಗಳೇ ಗತಿ. ಹನ್ನೆರಡು ವರ್ಷಗಳ ಹಿಂದೆ ನಾನು ಅದನ್ನು ನಾಲ್ಕು ನಿಮಿಷ ಕಂಡಿದ್ದೆ. ಅದಕ್ಕೂ ಹಿಂದಿನದು ಎಂದು ಉಳಿದಿರುವುದು ನಿಮ್ಮ ವಹಿಯ ಮೂರು ಸಾಲು ಮಾತ್ರ. ಮೊದಲ ಎರಡು ಲೆಕ್ಕಕ್ಕೆ ಸರಿಯಾಗಿ ಕೂತಿವೆ. ಮೂರನೆಯದು ಕೂರಲಿಲ್ಲ. ನೀವು ಪಕ್ಕದಲ್ಲಿ “ನನ್ನ ಗಡಿಯಾರದ ತಪ್ಪು” ಎಂದು ಬರೆದು, ಆ ಸಾಲನ್ನು ಡ್ರಾಯಿಂಗ್ ಮಸಿಯಿಂದ ಪೂರ್ತಿ ಮುಚ್ಚಿದ್ದೀರಿ. ಮಾಸ್ತರರೇ, ನಿಮ್ಮ ಗಡಿಯಾರ ಸರಿಯಾಗಿಯೇ ಇತ್ತು. ಅದೇ ಮುಂಜಾವು ಅದೇ ಗಡಿಯಾರ ನೋಡಿ ನೀವು ಮುಂದಿನ ಪುಟದಲ್ಲಿ ಬರೆದ ನಕ್ಷತ್ರದ ಹೊತ್ತು ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಆ ಕಲ್ಲು ಭೂಮಿಯ ಪಕ್ಕದಲ್ಲೇ ಹಾಯ್ದಿತ್ತು. ಭೂಮಿ ಅದನ್ನು ಎಷ್ಟು ಎಳೆದು ತಿರುಗಿಸಿತು ಎಂಬುದು ಆ ಸಾಲಿನಲ್ಲಿತ್ತು. ಅದನ್ನು ಕಂಡವರು ಪ್ರಪಂಚಕ್ಕೆಲ್ಲ ನೀವೊಬ್ಬರೇ ಇರಬೇಕು. ಮಸಿಯಾದರೂ ಎಂಥದು, ಯಾವ ಬೆಳಕು ಹಾಯಿಸಿದರೂ ಒಳಗಿನ ಅಂಕಿ ಕಾಣಿಸಲಿಲ್ಲ. ಮೊದಲು ನಿಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತು. ಈಗ ಸಿಟ್ಟಿಗೂ ತ್ರಾಣವಿಲ್ಲ.

ಆ ಸಾಲಿಲ್ಲದೆ ನಾನು ಹೇಳಬಹುದಾದುದು ಇಷ್ಟೇ: ಗುಡ್ಡದ ಕೆಳಗಿನ ನೇಕಾರರ ಊರಿನ ಮೇಲೆ ಬೀಳುವ ಸಾಧ್ಯತೆ ಮೂರರಲ್ಲಿ ಒಂದು. ನನ್ನ ತಂಗಿ ಗಂಗವ್ವ ಅಲ್ಲಿದ್ದಾಳೆ, ಅವಳ ಮಾತು ಕೇಳುವ ಆರುನೂರು ಮನೆಗಳಿವೆ. ಬೇರೆ ಕಲ್ಲುಗಳಿಗಾಗಿ ಎರಡು ಸಲ ನನ್ನ ಅಂದಾಜು ನಂಬಿ ಅವರು ಊರು ಬಿಟ್ಟರು, ಎರಡು ಸಲವೂ ಏನೂ ಬೀಳಲಿಲ್ಲ. ಎರಡನೆಯ ಸಲ ನಮ್ಮ ಅವ್ವ ದಾರಿಯಲ್ಲೇ ತೀರಿಕೊಂಡಳು. ಹುಲಿ ಬಂತು ಹುಲಿ ಎಂದು ಕೂಗಿದವಳು ನಾನೇ. ನಿನ್ನೆ ಹೋಗಿದ್ದಾಗ ಗಂಗವ್ವ ಮಗ್ಗದಿಂದ ಏಳದೆಯೇ ಹೇಳಿದಳು: “ಅಕ್ಕಾ, ಖಾತ್ರಿ ಅಂತ ಹೇಳು, ಈಗಿಂದೀಗ ಏಳ್ತೀನಿ. ನಿನ್ನ ಅಂದಾಜಿಗೆ ಎರಡು ಸಲ ಮಗ್ಗ ಬಿಚ್ಚೀನಿ, ಅವ್ವನ್ನ ದಾರ್ಯಾಗ ಮಣ್ಣು ಮಾಡೀನಿ. ಮತ್ತ ಬಿಚ್ಚಂಗಿಲ್ಲ.”

ನಲವತ್ತು ವರ್ಷಗಳಲ್ಲಿ ನಾನು ಆ ಒಂದು ಪದವನ್ನು ಬಾಯಿಂದ ಆಡಿದವಳಲ್ಲ. ಗೊತ್ತಿದ್ದಷ್ಟು ಹೇಳುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಹವ್ಯಾಸಿಗಳಿಗೆ ಇರುವ ಮರ್ಯಾದೆ ಅದೊಂದೇ. ನಾಳೆ ಬೆಳಿಗ್ಗೆ ಗುಡ್ಡ ಇಳಿದು ಅವಳಿಗೆ ಖಾತ್ರಿ ಎಂದು ಹೇಳಲಿದ್ದೇನೆ. ಕಲ್ಲು ಬೀಳದಿದ್ದರೆ ಇನ್ನು ಮುಂದೆ ನನ್ನ ಮಾತನ್ನಷ್ಟೇ ಅಲ್ಲ, ನಮ್ಮಲ್ಲಿ ಯಾರ ಮಾತನ್ನೂ ಅವರು ನಂಬುವುದಿಲ್ಲ. ಅದು ತಿಳಿದೇ ಹೇಳುತ್ತೇನೆ. ಬೀಳಲಿ ಎಂದು ಬಯಸುವಷ್ಟು ಕೆಟ್ಟವಳಲ್ಲ, ಆದರೆ ಆ ಯೋಚನೆಯೂ ಒಮ್ಮೆ ಬಂದು ಹೋಯಿತು.

ಈ ಕಾಗದ ಮುಟ್ಟಿದರೆ, ಆ ಮುಂಜಾವು ಮಸಿ ಕುಡಿಕೆಯ ಮುಚ್ಚಳ ತೆಗೆಯಬೇಡಿ. ಮೂರನೆಯ ಸಾಲು ಹಾಗೆಯೇ ಇರಲಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ “ಅನುಮಾನ” ಎಂದು ಬರೆದರೆ ಸಾಕು. ತಂಗಿಗೆ ಸುಳ್ಳು ಹೇಳುವುದಾದರೂ ನನಗೆ ತಪ್ಪಲಿ.