ಹನ್ನೊಂದನೇ ಕರಡು

ಸಹಲೇಖಕರಾದ ಪರಿಸರ ಅಧಿಕಾರಿಗಳಿಗೆ,

ನಮಸ್ಕಾರ. ನಮ್ಮ ವಿಶ್ವವಿದ್ಯಾಲಯವೂ ನಿಮ್ಮ ಬಣ್ಣದ ಕಾರ್ಖಾನೆಯೂ ಸೇರಿ ನಿಮ್ಮ ಕಾರ್ಮಿಕರ ಆರೋಗ್ಯದ ಬಗ್ಗೆ ಬರೆಯುತ್ತಿರುವ ಸಂಶೋಧನಾ ವರದಿಯ ಹನ್ನೊಂದನೇ ಕರಡು ತಲುಪಿತು. “ಸಣ್ಣಪುಟ್ಟ ತಿದ್ದುಪಡಿ ಅಷ್ಟೇ ಮೇಡಂ” ಎಂದು ಫೋನಿನಲ್ಲಿ ಹೇಳಿದ್ದಿರಿ. ನಾನು ‘ಕೆಮ್ಮು’ ಎಂದು ಬರೆದಲ್ಲಿ ‘ಆರೋಗ್ಯ ಸಂಬಂಧಿ ಅನಿಸಿಕೆ’ ಎಂದಿದೆ. ‘ಕಿಟಕಿ ಇಲ್ಲ’ ಎಂಬುದು ‘ಗಾಳಿ ಬೆಳಕಿನ ಸುಧಾರಣೆಗೆ ವಿಪುಲ ಅವಕಾಶ’ ಆಗಿದೆ. ಇಷ್ಟು ನಯವಾಗಿ ಬರೆಯಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ನಾನು ಸಂದರ್ಶಿಸಿದ ಏಳನೇ ಕಾರ್ಮಿಕರ ಮಾತನ್ನು ಪೂರ್ತಿ ತೆಗೆದು, ಪಕ್ಕದಲ್ಲಿ ‘ಇದು ಒಬ್ಬರ ಅಭಿಪ್ರಾಯ ಮಾತ್ರ’ ಎಂದು ಬರೆದಿದ್ದೀರಿ. ಮೊದಲ ಆರು ಮಂದಿಯ ಮಾತು ತೆಗೆಯುವಾಗಲೂ ಇದೇ ಕಾರಣ ಕೊಟ್ಟಿದ್ದಿರಿ.

ಸಂದರ್ಶನ ಕೊಟ್ಟವರಿಗೆ ಕರಡನ್ನು ಓದಿ ಹೇಳಬೇಕೆಂಬುದು ನಾವಿಬ್ಬರೂ ಒಪ್ಪಿದ ನಿಯಮ. ಹಾಗಾಗಿ ನಿನ್ನೆ ಆ ಏಳನೆಯವರ ಮನೆಗೆ ಹೋಗಿ ನೀವು ತಿದ್ದಿದ ಈ ಕರಡನ್ನು ಓದಿದೆ. ನಿಮ್ಮಲ್ಲಿ ಇಪ್ಪತ್ತಾರು ವರ್ಷ ಬಣ್ಣ ಕಲಸಿ ನಿವೃತ್ತರಾದವರು. ಎದೆ ಹಿಡಿದುಕೊಂಡು ಕೆಮ್ಮುತ್ತಲೇ ಕೊನೆಯವರೆಗೂ ಕೇಳಿದರು. ಆಮೇಲೆ ಹೇಳಿದರು:

“ಒಳ್ಳೇ ಫ್ಯಾಕ್ಟರಿ ಕಣಮ್ಮ. ಎಲ್ಲಿದೆ ಇದು? ನನ್ನ ಮಗಳನ್ನ ಈಗಿರೋ ಕಡೆಯಿಂದ ಬಿಡಿಸಿ ಅಲ್ಲಿಗೆ ಸೇರಿಸೋಕಾಗುತ್ತಾ?”

ತಮಾಷೆಯೇನೋ ಎಂದು ಮುಖ ನೋಡಿದೆ. ನಗು ಇರಲಿಲ್ಲ.

ಅವರ ಮಗಳು ಈಗಿರುವುದು ನಿಮ್ಮಲ್ಲೇ, ಅಪ್ಪ ಇದ್ದ ಅದೇ ವಿಭಾಗದಲ್ಲಿ. ಸೋಮವಾರ ಉತ್ತರ ಹೇಳುತ್ತೇನೆಂದು ಬಂದಿದ್ದೇನೆ. ದಯವಿಟ್ಟು ಆ ಉತ್ತರವನ್ನು ನೀವೇ ಬರೆದುಕೊಡಿ. ಅದರಲ್ಲಿ ನಾನು ಒಂದಕ್ಷರವನ್ನೂ ತಿದ್ದುವುದಿಲ್ಲ.

ಇಂತಿ,
ಇನ್ನೂ ಸಹಿ ಹಾಕದ ನಿಮ್ಮ ಸಹಲೇಖಕಿ